ನರತಡೆ ಚುಚ್ಚುಮದ್ದಿನೊಡನೆ ಮಂಪರು ಔಷಧ: ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿ

ಮುಂದೋಳಿನ ಎಲುಬು ಮುರಿದು, ಲೋಹದ ಪಟ್ಟಿ ಮತ್ತು ತಿರುಪುಗಳನ್ನು ಕೂರಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಯು ಮಧ್ಯಾಹ್ನ ವಾರ್ಡಿಗೆ ಮರಳುವಾಗ ಸಾಮಾನ್ಯವಾಗಿ ನೆಮ್ಮದಿಯಿಂದಲೇ ಇರುತ್ತಾನೆ. ಕೊರಳೆಲುಬಿನ ಮೇಲ್ಭಾಗದಲ್ಲಿ ನೀಡಿದ ಒಂದೇ ಚುಚ್ಚುಮದ್ದು ಇಡೀ ತೋಳನ್ನು ಮರಗಟ್ಟಿಸಿರುತ್ತದೆ. ಸಂಪೂರ್ಣ ಅರಿವಳಿಕೆಯ ವಾಕರಿಕೆಯಾಗಲಿ, ಗಂಟಲು ಕೆರೆತವಾಗಲಿ ಇರುವುದಿಲ್ಲ. ಬಂಧುಗಳೊಡನೆ ಮಾತನಾಡುತ್ತಾನೆ, ಕಾಫಿ ಕೇಳುತ್ತಾನೆ. ತೊಂದರೆ ಆರಂಭವಾಗುವುದು ರಾತ್ರಿ. ಆರೆಂಟು ಗಂಟೆಗಳ ನಂತರ ಮದ್ದಿನ ಪ್ರಭಾವ ಇಳಿಯತೊಡಗಿದಾಗ ಅದುವರೆಗೆ ತಡೆಹಿಡಿಯಲ್ಪಟ್ಟಿದ್ದ ನೋವು ಒಮ್ಮೆಗೇ ನುಗ್ಗಿಬರುತ್ತದೆ. ಅರಿವಳಿಕೆ ತಜ್ಞರು ಇದನ್ನು ‘ಮರುಕಳಿಸುವ ನೋವು’ ಎಂದು ಕರೆಯುತ್ತಾರೆ. ಅದು ಬರುವ ಹೊತ್ತಿಗೆ ಶಸ್ತ್ರಚಿಕಿತ್ಸಕರು ಮನೆಗೆ ಹೋಗಿರುತ್ತಾರೆ, ಔಷಧದಂಗಡಿ ಮುಚ್ಚಿರುತ್ತದೆ.

ಈ ನೋವನ್ನು ಬೆಳಗಿನವರೆಗಾದರೂ ಮುಂದೂಡಲು ಕಂಡುಕೊಂಡ ಉಪಾಯಗಳಲ್ಲಿ ಒಂದೆಂದರೆ, ನರದ ಸುತ್ತ ನೀಡುವ ಸ್ಥಳೀಯ ಅರಿವಳಿಕೆ ಮದ್ದಿನೊಡನೆ ಮಂಪರು ತರಿಸುವ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುವುದು. ಕ್ಲೋನಿಡಿನ್ ಮತ್ತು ಡೆಕ್ಸ್‌ಮೆಡಿಟೊಮಿಡಿನ್ ಇವುಗಳಲ್ಲಿ ಪ್ರಮುಖವಾದವು. ಇದರಿಂದ ಲಾಭವಿದೆಯೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸ್ಪಷ್ಟವಾಗಿದೆ: ಇದೆ. ಆದರೆ ಗಳಿಸಿದ ಗಂಟೆಗಳಿಗೆ ರೋಗಿಯ ನಾಡಿ, ರಕ್ತದೊತ್ತಡ ಮತ್ತು ಎಚ್ಚರಗಳು ತೆರಬೇಕಾದ ಬೆಲೆಯೆಷ್ಟು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ಕೊಕೇನಿನಿಂದ ಬುಪಿವಕೇನ್‌ವರೆಗೆ

1884ರಲ್ಲಿ ವಿಯೆನ್ನಾದ ನೇತ್ರವೈದ್ಯ ಕಾರ್ಲ್ ಕೋಲರ್ ಅವರು ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದರು. ಅದರ ಬೆನ್ನಿಗೇ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ಕೊಕೇನನ್ನು ನರಗಳ ಬಳಿ ಚುಚ್ಚುವ ಪ್ರಯೋಗಗಳನ್ನು ನಡೆಸಿದರು. ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಅವರು ಕೊಕೇನ್ ವ್ಯಸನಿಯಾದದ್ದು ವೈದ್ಯಕೀಯ ಚರಿತ್ರೆಯ ದುಃಖದ ಅಧ್ಯಾಯ. ಕೊರಳೆಲುಬಿನ ಮೇಲಿನಿಂದ ತೋಳಿನ ನರಜಾಲವನ್ನು ತಡೆಯುವ ವಿಧಾನವನ್ನು ಜರ್ಮನಿಯ ಕುಲೆನ್‌ಕಾಂಫ್ ಅವರು 1911ರಲ್ಲಿ ವಿವರಿಸಿದರು. ಅವರೂ ಮೊದಲು ಚುಚ್ಚಿಸಿಕೊಂಡದ್ದು ತಮಗೇ. 1943ರಲ್ಲಿ ಲಿಗ್ನೊಕೇನ್, 1957ರಲ್ಲಿ ಬುಪಿವಕೇನ್ ಸ್ವೀಡನ್ನಿನಲ್ಲಿ ತಯಾರಾದವು.

ಮದ್ದಿಗೆ ಮತ್ತೊಂದನ್ನು ಬೆರೆಸಿ ಅದರ ಅವಧಿಯನ್ನು ಹಿಗ್ಗಿಸುವ ಯೋಚನೆಯೂ ಹೊಸದಲ್ಲ. 1903ರಲ್ಲಿಯೇ ಹೈನ್ರಿಕ್ ಬ್ರೌನ್ ಅವರು ಕೊಕೇನಿಗೆ ಅಡ್ರಿನಲಿನ್ ಸೇರಿಸಿದರು. ಅದು ಸುತ್ತಲಿನ ರಕ್ತನಾಳಗಳನ್ನು ಕುಗ್ಗಿಸಿ ಮದ್ದು ಬೇಗ ಕೊಚ್ಚಿಹೋಗದಂತೆ ತಡೆಯುತ್ತದೆ. ಹೀಗೆ ಬೆರೆಸುವ ಬದಲು ಮೂಲ ಮದ್ದನ್ನೇ ಹೆಚ್ಚು ಕೊಡಬಾರದೇಕೆ ಎಂದು ಓದುಗರು ಕೇಳಬಹುದು. ಬುಪಿವಕೇನ್ ಮಿತಿಮೀರಿ ರಕ್ತಕ್ಕೆ ಸೇರಿದರೆ ಅಪಸ್ಮಾರದಂತಹ ಸೆಳೆತವುಂಟಾಗಬಹುದು, ಹೃದಯವೇ ಸ್ತಬ್ಧವಾಗಬಹುದು. 1979ರಲ್ಲಿ ಅಮೆರಿಕದಲ್ಲಿ ಈ ಬಗ್ಗೆ ಬಲವಾದ ಎಚ್ಚರಿಕೆ ಪ್ರಕಟವಾದ ಬಳಿಕ, ಪ್ರಮಾಣವನ್ನು ಏರಿಸುತ್ತ ಹೋಗುವ ಮಾರ್ಗ ಮುಚ್ಚಿದಂತಾಯಿತು.

ಮೂಗಿನ ಹನಿಯಾಗಿ ಹುಟ್ಟಿದ ಮದ್ದು

ಕ್ಲೋನಿಡಿನ್‌ನ ಹುಟ್ಟು ಸ್ವಾರಸ್ಯಕರವಾದುದು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಕಂಪನಿಯೊಂದು ಅದನ್ನು ಮೂಗು ಕಟ್ಟುವುದಕ್ಕೆ ಔಷಧವೆಂದು ಸಿದ್ಧಪಡಿಸಿತ್ತು. ಶೀತಕ್ಕೆಂದು ಅದರ ಹನಿಗಳನ್ನು ಹಾಕಿಸಿಕೊಂಡ ಅಲ್ಲಿನ ಕಾರ್ಯದರ್ಶಿನಿಯೊಬ್ಬರು ಇಡೀ ದಿನ ನಿದ್ದೆಹೋದರು. ಅವರ ರಕ್ತದೊತ್ತಡ ಕುಸಿದು ನಾಡಿ ನಿಧಾನವಾಗಿತ್ತು. ಹೀಗೆ ಮೂಗಿನ ಮದ್ದು ರಕ್ತದೊತ್ತಡದ ಮದ್ದಾಯಿತು. ಆ ಒಂದು ಪ್ರಸಂಗದಲ್ಲಿ ಈ ವರ್ಗದ ಔಷಧಗಳ ಗುಣದೋಷಗಳೆಲ್ಲವೂ ಅಡಗಿವೆಯೆನ್ನಬಹುದು.

ಡೆಕ್ಸ್‌ಮೆಡಿಟೊಮಿಡಿನ್ ಅದೇ ಕುಲದ ಹೊಸ ಸದಸ್ಯ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ತೀವ್ರನಿಗಾ ಘಟಕದ ರೋಗಿಗಳಿಗೆ 24 ಗಂಟೆ ಮೀರದಂತೆ ಮಂಪರು ತರಿಸಲು ಇದಕ್ಕೆ ಅನುಮತಿ ನೀಡಿತು. ಇವೆರಡೂ ಮಿದುಳುಕಾಂಡದಲ್ಲಿ ಎಚ್ಚರವನ್ನು ಕಾಯುವ ಕೇಂದ್ರವನ್ನು ತಣಿಸುತ್ತವೆ. ಹಾಗೆ ಬರುವ ಮಂಪರು ಸಹಜ ನಿದ್ದೆಯನ್ನು ಹೋಲುತ್ತದೆ. ಕರೆದರೆ ರೋಗಿಯು ಕಣ್ತೆರೆಯುತ್ತಾನೆ, ಉಸಿರಾಟ ಹೆಚ್ಚು ಕುಗ್ಗುವುದಿಲ್ಲ. ಅರಿವಳಿಕೆ ತಜ್ಞರಿಗೆ ಈ ಔಷಧ ಪ್ರಿಯವಾದದ್ದು ಇದೇ ಕಾರಣಕ್ಕೆ.

ಮಿದುಳಿಗೆ ಮಂಪರು ತರಿಸುವ ಮದ್ದು ತೋಳಿನ ನರದ ಬಳಿ ಮಾಡುವುದೇನು? ನೋವಿನ ಸಂದೇಶವನ್ನು ಒಮ್ಮೆ ಸಾಗಿಸಿದ ನರತಂತುವು ಮುಂದಿನ ಸಂದೇಶಕ್ಕೆ ಸಜ್ಜಾಗಬೇಕಾದರೆ ಅದರ ಪೊರೆಯ ವಿದ್ಯುತ್ ಸ್ಥಿತಿ ಮೊದಲಿನ ಮಟ್ಟಕ್ಕೆ ಮರಳಬೇಕು. ಅದಕ್ಕೆ ಬೇಕಾದ ವಿದ್ಯುತ್ಕಣಗಳ ಹರಿವನ್ನೇ ಈ ಔಷಧಗಳು ತಡೆಯುತ್ತವೆ. ಇಲಿಗಳ ಮೇಲೆ ನಡೆದು 2004ರಲ್ಲಿ ಕ್ಲೋನಿಡಿನ್ ಕುರಿತೂ 2011ರಲ್ಲಿ ಡೆಕ್ಸ್‌ಮೆಡಿಟೊಮಿಡಿನ್ ಕುರಿತೂ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿದವು. ಅಂದರೆ ಒಂದೇ ಮದ್ದು ಮಿದುಳಿನಲ್ಲಿ ಒಂದು ಬಾಗಿಲಿನಿಂದಲೂ ನರದಲ್ಲಿ ಬೇರೊಂದು ಬಾಗಿಲಿನಿಂದಲೂ ಕೆಲಸ ಮಾಡುತ್ತದೆ.

ರಕ್ತಕ್ಕೆ ಸೇರಿ ದೇಹವೆಲ್ಲ ಸುತ್ತಿದ್ದರಿಂದಲೇ ಈ ಪರಿಣಾಮ ಉಂಟಾಗಿರಬಾರದೇಕೆ ಎಂಬ ಸಂದೇಹವನ್ನು ವಿಯೆನ್ನಾದ ತಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪರೀಕ್ಷಿಸಿತು. ಆರೋಗ್ಯವಂತ ಸ್ವಯಂಸೇವಕರ ಮೊಣಕೈ ಕೆಳಗಿನ ನರಕ್ಕೆ ರೋಪಿವಕೇನ್ ಮಾತ್ರ ಕೊಟ್ಟಾಗ ಮರಗಟ್ಟುವಿಕೆ ಸರಾಸರಿ 350 ನಿಮಿಷ ಉಳಿಯಿತು. ಅದರೊಡನೆ 20 ಮೈಕ್ರೋಗ್ರಾಂ ಡೆಕ್ಸ್‌ಮೆಡಿಟೊಮಿಡಿನ್ ಅನ್ನು ರಕ್ತನಾಳದ ಮೂಲಕ ಕೊಟ್ಟಾಗ 395 ನಿಮಿಷ. ನರದ ಬಳಿಯೇ ಕೊಟ್ಟಾಗ 555 ನಿಮಿಷ. ನರದ ಮೇಲಿನ ನೇರ ಪ್ರಭಾವ ಇದರಿಂದ ಸ್ಪಷ್ಟವಾಯಿತು.

ಗಳಿಸಿದ್ದೆಷ್ಟು?

2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಕ್ಲೋನಿಡಿನ್ ಸೇರಿಸಿದರೆ ನೋವಿಲ್ಲದ ಅವಧಿ ಸುಮಾರು 2 ಗಂಟೆ ಹೆಚ್ಚುವುದೆಂದು ಕಂಡುಬಂದಿತು. ಡೆಕ್ಸ್‌ಮೆಡಿಟೊಮಿಡಿನ್ ಇದಕ್ಕಿಂತ ಬಲಶಾಲಿ. ಪುಣೆಯ ವೈದ್ಯರು 60 ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲೋನಿಡಿನ್ ಪಡೆದವರಿಗೆ ಸರಾಸರಿ 289 ನಿಮಿಷ, ಡೆಕ್ಸ್‌ಮೆಡಿಟೊಮಿಡಿನ್ ಪಡೆದವರಿಗೆ 456 ನಿಮಿಷ ನೋವಿನಿಂದ ಬಿಡುವು ದೊರೆಯಿತು. ಈ ವಿಷಯದ ಅಧ್ಯಯನಗಳಲ್ಲಿ ಗಣನೀಯ ಪಾಲು ಭಾರತದ ವೈದ್ಯಕೀಯ ಕಾಲೇಜುಗಳದ್ದೆಂಬುದು ಗಮನಾರ್ಹ. ಕರ್ನಾಟಕದ ಕಾಲೇಜುಗಳಿಂದಲೂ ಇಂತಹ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಹಲವು ಸ್ನಾತಕೋತ್ತರ ವಿದ್ಯಾರ್ಥಿಗಳ ಸಣ್ಣ ಅಧ್ಯಯನಗಳಾದ್ದರಿಂದ ಒಂದೊಂದನ್ನೇ ನೆಚ್ಚಿಕೊಳ್ಳುವುದು ವಿಹಿತವಲ್ಲ.

ಅಂತಹ 32 ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2017ರ ವಿಶ್ಲೇಷಣೆಯು, ತೋಳಿನ ನರತಡೆಗೆ ಡೆಕ್ಸ್‌ಮೆಡಿಟೊಮಿಡಿನ್ ಸೇರಿಸಿದಾಗ ನೋವಿಲ್ಲದ ಅವಧಿ ಶೇ. 60ಕ್ಕೂ ಹೆಚ್ಚು ವೃದ್ಧಿಸುವುದೆಂದೂ, 50ರಿಂದ 60 ಮೈಕ್ರೋಗ್ರಾಂ ಸೂಕ್ತ ಪ್ರಮಾಣವೆಂದೂ ತಿಳಿಸಿತು.

ನಮ್ಮ ದೇಶದಲ್ಲಿ ಇದಕ್ಕೆ ಮತ್ತೊಂದು ಮಹತ್ವವೂ ಇದೆ. ತೀವ್ರ ನೋವಿಗೆ ಮಾರ್ಫಿನ್ ಸಿದ್ಧೌಷಧ. ಆದರೆ 1985ರ ಮಾದಕವಸ್ತು ಕಾಯಿದೆಯ ಬಿಗಿ ನಿಯಮಗಳಿಂದಾಗಿ ಅದನ್ನು ಇಟ್ಟುಕೊಳ್ಳುವ ಗೋಜಿಗೇ ಅನೇಕ ಆಸ್ಪತ್ರೆಗಳು ಹೋಗಲಿಲ್ಲ. 2014ರ ತಿದ್ದುಪಡಿಯು ಪರವಾನಗಿಯನ್ನು ಸರಳಗೊಳಿಸಿತಾದರೂ ಹಳೆಯ ಅಳುಕು ಪೂರ್ತಿ ಹೋಗಿಲ್ಲ. ಹೀಗಿರುವಲ್ಲಿ ಒಂದು ಚುಚ್ಚುಮದ್ದಿನಿಂದ ದೊರೆಯುವ ನಾಲ್ಕು ಗಂಟೆಗಳ ಬಿಡುವು ಸಣ್ಣದಲ್ಲ.

ತೆರಬೇಕಾದ ಬೆಲೆ

ಅದೇ 2017ರ ವಿಶ್ಲೇಷಣೆಯಲ್ಲಿ, ಡೆಕ್ಸ್‌ಮೆಡಿಟೊಮಿಡಿನ್ ಪಡೆದವರಲ್ಲಿ ನಾಡಿ ನಿಧಾನವಾಗುವ ಹಾಗೂ ರಕ್ತದೊತ್ತಡ ಇಳಿಯುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚೆಂದು ಕಂಡುಬಂದಿತು. ಮದ್ದು ನರದ ಬಳಿಯೇ ನಿಲ್ಲುವುದಿಲ್ಲ. ಮೆಲ್ಲನೆ ರಕ್ತಕ್ಕೆ ಸೇರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇವು ತಾತ್ಕಾಲಿಕವಾಗಿದ್ದು, ಅಟ್ರೊಪಿನ್ ಚುಚ್ಚುಮದ್ದು ಹಾಗೂ ಡ್ರಿಪ್‌ನಿಂದ ಸರಿಹೋಗುತ್ತವೆ. ಆದರೆ ಸರಿಪಡಿಸಬೇಕಾದರೆ ಯಾರಾದರೂ ನೋಡುತ್ತಿರಬೇಕಷ್ಟೆ. ವಯಸ್ಸಾದವರು, ಹೃದಯದ ವಿದ್ಯುತ್ ವಹನದಲ್ಲಿ ದೋಷವಿರುವವರು, ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಮಾತ್ರೆ ಸೇವಿಸುತ್ತಿರುವವರು ಇವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ರಾತ್ರಿ ನಾಡಿ ನೋಡುವವರಿಲ್ಲದ ವಾರ್ಡಿಗೆ ಈ ಮದ್ದು ಹೊಂದುವುದಿಲ್ಲವೆಂದೇ ಈ ಲೇಖಕನ ಅಭಿಪ್ರಾಯ.

ಎರಡನೆಯ ತೊಡಕು ಹೆಚ್ಚು ಚರ್ಚೆಯಾಗದಿರುವಂಥದು. ನೋವಿನ ಜೊತೆಗೆ ಚಲನೆಯೂ ಅಷ್ಟೇ ಕಾಲ ಸ್ಥಗಿತವಾಗುತ್ತದೆ. ಮುರಿದ ಮುಂದೋಳಿನಲ್ಲಿ ಅಥವಾ ಮೊಣಕಾಲ ಕೆಳಗೆ ಸ್ನಾಯುಗಳು ಊದಿಕೊಂಡು ರಕ್ತಸಂಚಾರಕ್ಕೆ ಅಡ್ಡಿಯಾದರೆ, ಅದರ ಮೊದಲ ಸೂಚನೆ ಮಿತಿಮೀರಿದ ನೋವೇ. ಆ ನೋವೇ ಮರೆಯಾದಾಗ ಅಪಾಯ ತಿಳಿಯುವುದು ತಡವಾಗಬಹುದು. ಆದ್ದರಿಂದ ಇಂತಹ ಏಟುಗಳಲ್ಲಿ ಮೂಳೆವೈದ್ಯರೂ ಅರಿವಳಿಕೆ ತಜ್ಞರೂ ಮೊದಲೇ ಸಮಾಲೋಚಿಸುವುದು ಒಳಿತು.

ಮಿಡಜೋಲಾಮ್ ಎಂಬ ಇನ್ನೊಂದು ಮಂಪರು ಔಷಧವನ್ನೂ ಕೆಲವರು ನರದ ಬಳಿ ಬಳಸಿದ್ದುಂಟು. ಪ್ರಯೋಗಾಲಯದಲ್ಲಿ ಇಲಿಗಳ ನರಕೋಶಗಳಿಗೆ ಅದು ಹಾನಿ ಮಾಡಿದ್ದು 2011ರಲ್ಲಿ ವರದಿಯಾಗಿದೆ. ಅದನ್ನು ಬಳಸದಿರುವುದೇ ಲೇಸು.

ಮಂಪರಿಲ್ಲದ ದಾಯಾದಿ

ಹೆಸರಿನಲ್ಲಿ ಹೋಲುವ, ಗುಣದಲ್ಲಿ ಬೇರೆಯಾದ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಈ ಚರ್ಚೆಯ ದಿಕ್ಕನ್ನೇ ಬದಲಿಸಿದೆ. 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅದು ಡೆಕ್ಸ್‌ಮೆಡಿಟೊಮಿಡಿನ್‌ಗಿಂತಲೂ ಸುಮಾರು ಎರಡೂವರೆ ಗಂಟೆ ಹೆಚ್ಚು ನೋವನ್ನು ತಡೆಯುತ್ತದೆ; ರಕ್ತದೊತ್ತಡ ಇಳಿಸುವುದಿಲ್ಲ, ಮಂಪರೂ ತರುವುದಿಲ್ಲ. ರಕ್ತನಾಳದ ಮೂಲಕ ಕೊಟ್ಟರೂ ಪ್ರಯೋಜನದ ದೊಡ್ಡ ಪಾಲು ಲಭಿಸುತ್ತದೆ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಏರುವುದನ್ನು ಮಾತ್ರ ಗಮನಿಸಬೇಕು. ಹಾಗಾಗಿ ಮೊದಲ ಆಯ್ಕೆ ಅದೇ ಆಗಿ, ಸ್ಟೀರಾಯ್ಡ್ ಸಲ್ಲದವರಿಗೆ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಕ್ರಮ ಸಮಂಜಸವಾಗಿ ತೋರುತ್ತದೆ. ಈ ಯಾವ ಔಷಧವೂ ನರದ ಬಳಿ ಚುಚ್ಚಲೆಂದು ಅಮೆರಿಕದ ನಿಯಂತ್ರಣ ಸಂಸ್ಥೆಯಿಂದ ಅನುಮತಿ ಪಡೆದದ್ದಲ್ಲ. ವೈದ್ಯರ ವಿವೇಚನೆಯ ಮೇಲೆ ನಡೆದುಬಂದ ಬಳಕೆಯಿದು.

ರೋಗಿಯ ಮನೆಯವರು ಮೊದಲೇ ಕೇಳಿ ತಿಳಿಯಬೇಕಾದ ಕೆಲವು ಸಂಗತಿಗಳಿವೆ. ಮದ್ದಿನೊಡನೆ ಏನು ಸೇರಿಸುತ್ತಾರೆ, ಮರಗಟ್ಟುವಿಕೆ ಎಷ್ಟು ಹೊತ್ತಿಗೆ ಇಳಿಯಬಹುದು, ಆ ರಾತ್ರಿ ನಾಡಿ ಮತ್ತು ರಕ್ತದೊತ್ತಡ ನೋಡುವವರು ಯಾರು ಎಂಬುದನ್ನು ಅರಿವಳಿಕೆ ತಜ್ಞರಲ್ಲಿ ವಿಚಾರಿಸಬೇಕು. ಬರೆದುಕೊಟ್ಟ ನೋವಿನ ಮಾತ್ರೆಯನ್ನು ನೋವು ಬಂದಮೇಲಲ್ಲ, ಬೆರಳುಗಳಲ್ಲಿ ಜುಮುಗುಟ್ಟುವಿಕೆ ಶುರುವಾದೊಡನೆ ನುಂಗಬೇಕು. ಮರಗಟ್ಟಿದ ತೋಳನ್ನು ಜೋಲಿಯಲ್ಲಿಯೇ ಇಟ್ಟಿರಬೇಕು. ಬಿಸಿನೀರಿನ ಚೀಲ ತಾಗಿಸಬಾರದು, ಮೈಭಾರ ಹಾಕಿ ಮಲಗಬಾರದು. ಬೆರಳುಗಳು ಬಿಳಿಚಿಕೊಂಡರೆ ಅಥವಾ ತಣ್ಣಗಾದರೆ, ಪಟ್ಟಿ ಬಿಗಿಯೆನಿಸಿದರೆ, ಕರೆದರೂ ರೋಗಿಯು ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಬೆಳಗಾಗುವವರೆಗೆ ಕಾಯದೆ ಕರ್ತವ್ಯದಲ್ಲಿರುವ ವೈದ್ಯರನ್ನು ಕರೆಯಬೇಕು.