ದುಗ್ಧಗ್ರಂಥಿ ಶಸ್ತ್ರಚಿಕಿತ್ಸೆಯ ನಂತರದ ಮನೆ ಆರೈಕೆ: ಇತಿಹಾಸ

ಕ್ಯಾನ್ಸರ್ ಹರಡಿರುವ, ಅಥವಾ ಹರಡಿರಬಹುದೆಂಬ ಅನುಮಾನವಿರುವ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡ ರೋಗಿ ಮನೆಗೆ ಬಂದು ಗಾಯ ಮಾಯಿಸಿಕೊಂಡು, ತೋಳು, ಕತ್ತು ಇಲ್ಲವೇ ಕಾಲಿನ ಚಲನೆಯನ್ನು ಮರಳಿ ಪಡೆಯುವ ಅವಧಿಯ ಆರೈಕೆ. ಮನುಷ್ಯನ ಮೈಯಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ಸ್ತನ ಕ್ಯಾನ್ಸರಿನಲ್ಲಿ ಕಂಕುಳಿನವು, ಬಾಯಿ ಕ್ಯಾನ್ಸರಿನಲ್ಲಿ ಕತ್ತಿನವು, ಗರ್ಭಕಂಠದ ಕ್ಯಾನ್ಸರಿನಲ್ಲಿ ಕಿಬ್ಬೊಟ್ಟೆಯೊಳಗಿನವು, ಶಿಶ್ನದ ಕ್ಯಾನ್ಸರಿನಲ್ಲೂ ಕಾಲಿನ ಮೆಲನೋಮಾದಲ್ಲೂ ತೊಡೆಸಂದಿನವು ಶಸ್ತ್ರಕ್ಕೆ ಗುರಿಯಾಗುತ್ತವೆ. ಆಪರೇಷನ್ನಿನ ಇತಿಹಾಸವನ್ನು ಶಸ್ತ್ರವೈದ್ಯರು ಚೆನ್ನಾಗಿ ಬರೆದಿಟ್ಟಿದ್ದಾರೆ. ಮನೆಯ ಇತಿಹಾಸ ಮಾತ್ರ ಪತ್ರಗಳಲ್ಲಿ, ಡಿಸ್ಚಾರ್ಜ್ ಚೀಟಿಗಳಲ್ಲಿ, ಸ್ವಯಂಸೇವಕರ ಕಿರುಹೊತ್ತಗೆಗಳಲ್ಲಿ ಚದುರಿಹೋಗಿದೆ. ಆಪರೇಷನ್ನನ್ನು ಪ್ರಯೋಗಗಳು ಒರೆಗೆ ಹಚ್ಚತೊಡಗಿದ ಮೇಲೂ ಮನೆಯಲ್ಲಿ ಪಾಲಿಸಬೇಕಾದ ನಿಷೇಧಗಳನ್ನು ಪರೀಕ್ಷಿಸುವವರು ದಶಕಗಳ ಕಾಲ ಇರಲಿಲ್ಲ.

ಹಿನ್ನೆಲೆ

1622ರಲ್ಲಿ ಇಟಲಿಯ ಗಾಸ್ಪಾರೊ ಅಸೆಲ್ಲಿ, ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದನ್ನು ಕೊಯ್ದಾಗ ಕರುಳಪೊರೆಯಲ್ಲಿ ಹಾಲುಬಣ್ಣದ ಎಳೆಗಳನ್ನು ಕಂಡ. 1651ರಲ್ಲಿ ಫ್ರಾನ್ಸಿನ ಝಾನ್ ಪೆಕೆ ಆ ಎಳೆಗಳಲ್ಲಿ ಹರಿಯುವ ರಸ ಎದೆಯ ನಾಳದ ಮೂಲಕ ರಕ್ತಕ್ಕೆ ಸೇರುವುದನ್ನು ಪ್ರಕಟಿಸಿದ. ಸ್ವೀಡನ್ನಿನ ರೂಡ್‌ಬೆಕ್ ಮತ್ತು ಡೆನ್ಮಾರ್ಕಿನ ಬಾರ್ತೊಲಿನ್ ಮುಂದಿನ ಒಂದೆರಡು ವರ್ಷಗಳಲ್ಲೇ ಇಡೀ ಮೈಯ ದುಗ್ಧನಾಳಗಳನ್ನು ಗುರುತಿಸಿ, ಮೊದಲು ಕಂಡವರು ಯಾರೆಂದು ಜಗಳವಾಡಿದರು. ಕ್ಯಾನ್ಸರ್ ಮೊದಲು ಒಂದು ಜಾಗದಲ್ಲಿ ಹುಟ್ಟಿ ಈ ನಾಳಗಳ ದಾರಿಯಲ್ಲಿ ಗ್ರಂಥಿಗಳಿಗೆ ಹರಡುತ್ತದೆ ಎಂಬ ವಾದವನ್ನು 18ನೇ ಶತಮಾನದಲ್ಲಿ ಫ್ರೆಂಚ್ ಶಸ್ತ್ರವೈದ್ಯ ಲ ದ್ರಾನ್ ಮುಂದಿಟ್ಟ. ಅವನ ಸಮಕಾಲೀನ ಝಾನ್ ಲೂಯಿ ಪೆಟಿ ಸ್ತನದ ಜೊತೆಗೆ ಕಂಕುಳ ಗಂಟುಗಳನ್ನೂ ತೆಗೆಯಬೇಕೆಂದ.

ಆ ಕಾಲದಲ್ಲಿ ಮನೆ ಆರೈಕೆ ಎಂಬ ಪ್ರತ್ಯೇಕ ಹಂತವೇ ಇರಲಿಲ್ಲ. ಉಳ್ಳವರಿಗೆ ಕೊಯ್ಯುವುದೂ ಮನೆಯಲ್ಲೇ, ಮಾಯುವುದೂ ಮನೆಯಲ್ಲೇ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಸ್ತನವನ್ನು 1811ರ ಸೆಪ್ಟೆಂಬರ್ 30ರಂದು ನೆಪೋಲಿಯನ್ನನ ಸೇನಾವೈದ್ಯ ಲಾರೆ ಪ್ಯಾರಿಸ್ಸಿನ ಆಕೆಯ ಮನೆಯಲ್ಲೇ, ಅರಿವಳಿಕೆಯಿಲ್ಲದೆ ತೆಗೆದ. ಆಕೆ ಅಕ್ಕನಿಗೆ ಬರೆದ ದೀರ್ಘ ಪತ್ರ ರೋಗಿಯ ಕಡೆಯಿಂದ ಬಂದ ಅಪರೂಪದ ದಾಖಲೆ. ಆಕೆ 1840ರವರೆಗೆ ಬದುಕಿದ್ದಳು. ಇಂಥವರು ಎಷ್ಟು ದಿನ ಮಲಗಿದ್ದರು, ತೋಳು ಎಷ್ಟರಮಟ್ಟಿಗೆ ಮೇಲೇಳುತ್ತಿತ್ತು ಎಂಬುದನ್ನು ಆ ಕಾಲದ ವೈದ್ಯಗ್ರಂಥಗಳು ಹೇಳುವುದು ಕಡಿಮೆ. ರೋಗಿ ಬದುಕಿ ಉಳಿದರೆ ಅದೇ ಫಲಿತಾಂಶ.

ಹಾಲ್‌ಸ್ಟೆಡ್ ಯುಗ

1846ರಲ್ಲಿ ಈಥರ್ ಅರಿವಳಿಕೆಯೂ 1867ರಲ್ಲಿ ಲಿಸ್ಟರನ ನಂಜುನಿರೋಧಕ ವಿಧಾನವೂ ಬಂದ ಮೇಲೆ ಶಸ್ತ್ರವೈದ್ಯರ ಕೈ ದೂರ ಚಾಚತೊಡಗಿತು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ರೋಗಿಗಳ ವರದಿ ಪ್ರಕಟಿಸಿದ. ಸ್ತನ, ಅದರಡಿಯ ಎದೆಸ್ನಾಯುಗಳು, ಕಂಕುಳಿನ ಅಷ್ಟೂ ಗ್ರಂಥಿಗಳು, ಎಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯುವ ಈ ವಿಧಾನ ಮುಂದಿನ ಸುಮಾರು ಮುಕ್ಕಾಲು ಶತಮಾನ ಆಳಿತು. ತೋಳಿನ ಶಕ್ತಿಹೀನತೆಯ ಬಗ್ಗೆ ಆತ ಅದೇ ವರದಿಯಲ್ಲಿ ಕೊಟ್ಟ ಸಮಜಾಯಿಷಿ ಗಮನಾರ್ಹ: ಪ್ರಾಣದ ಮುಂದೆ ಅದು ಸಣ್ಣ ವಿಷಯ, ಅಲ್ಲದೆ ಈ ಹೆಂಗಸರ ಸರಾಸರಿ ವಯಸ್ಸು ಐವತ್ತೈದರ ಹತ್ತಿರ, ಸಮಾಜದಲ್ಲಿ ಅವರೇನೂ ಬಹಳ ಚಟುವಟಿಕೆಯವರಲ್ಲ. ಐವತ್ತೈದರ ಹೆಂಗಸಿನ ಬಲಗೈಗೆ ಮನೆಯಲ್ಲಿ ಎಷ್ಟು ಕೆಲಸವಿರುತ್ತದೆ ಎಂಬುದು ಬಾಲ್ಟಿಮೋರಿನ ಆಪರೇಷನ್ ಕೊಠಡಿಗೆ ಕಾಣುತ್ತಿರಲಿಲ್ಲ.

ಗ್ರಂಥಿ ತೆಗೆದ ಮೇಲೆ ತೋಳಿಗೆ ಬರುವ ಊತವನ್ನು ಮಾತ್ರ ಹಾಲ್‌ಸ್ಟೆಡ್ ಕಡೆಗಣಿಸಲಿಲ್ಲ. 1921ರಲ್ಲಿ ಅದನ್ನೇ ಕುರಿತು ಒಂದು ಲೇಖನ ಬರೆದು, ಶಸ್ತ್ರಚಿಕಿತ್ಸೆಯಿಂದ ಬರುವ ಆನೆಕಾಲು ರೋಗವೆಂಬ ಅರ್ಥದ ಲ್ಯಾಟಿನ್ ಹೆಸರಿಟ್ಟು, ಮುಖ್ಯ ಕಾರಣ ಸೋಂಕು ಎಂದ. ಗ್ರಂಥಿಗಳೊಂದಿಗೆ ರಸದ ದಾರಿಯೇ ಕಡಿದುಹೋಗುತ್ತದೆ ಎಂಬುದು ಈಗಿನ ವಿವರಣೆಯ ತಿರುಳು. ಆದರೂ ಸೋಂಕಿನ ಬಗ್ಗೆ ಅವನ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ: ಚರ್ಮದ ಸೋಂಕು ಊತವನ್ನು ತರುವ, ಹೆಚ್ಚಿಸುವ ಕಾರಣಗಳ ಪಟ್ಟಿಯಲ್ಲಿ ಇಂದಿಗೂ ಇದೆ. ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದು ಇದಕ್ಕೇ.

ಎಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯುವ ತರ್ಕವನ್ನು ಕತ್ತಿಗೆ ಒಯ್ದವನು ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್. 1906ರಲ್ಲಿ 132 ಆಪರೇಷನ್‌ಗಳ ಅನುಭವದ ಮೇಲೆ ಆತ ವಿವರಿಸಿದ ಕತ್ತಿನ ಛೇದನದ ಪೂರ್ಣರೂಪದಲ್ಲಿ ಗ್ರಂಥಿಗಳ ಜೊತೆ ಕತ್ತಿನ ದೊಡ್ಡ ಸ್ನಾಯು, ಒಳಗಿನ ದೊಡ್ಡ ಅಭಿಧಮನಿ, ಹೆಗಲನ್ನು ಎತ್ತುವ ನರ ಎಲ್ಲವೂ ಹೋಗುತ್ತಿದ್ದವು. ನರ ಹೋದರೆ ಹೆಗಲು ಜೋತುಬೀಳುತ್ತದೆ. ಕೈ ಹೆಗಲಿನಿಂದ ಮೇಲೆ ಏರುವುದಿಲ್ಲ. ತಲೆ ಬಾಚುವುದೂ ಅಟ್ಟದಿಂದ ಡಬ್ಬ ಇಳಿಸುವುದೂ ನಿಲ್ಲುತ್ತವೆ. ಈ ಹೆಗಲಿನ ತೊಂದರೆ ಪ್ರತ್ಯೇಕ ಲಕ್ಷಣಕೂಟವಾಗಿ ವೈದ್ಯಸಾಹಿತ್ಯದಲ್ಲಿ ದಾಖಲಾಗಿದ್ದು 1961ರಲ್ಲಿ, ಅಂದರೆ ಕ್ರೈಲನ ವರದಿಯಾಗಿ 55 ವರ್ಷಗಳ ಮೇಲೆ. 1963ರಲ್ಲಿ ಅರ್ಜೆಂಟೀನಾದ ಓಸ್ವಾಲ್ಡೊ ಸುವಾರೆಸ್ ನರ, ಸ್ನಾಯು, ಅಭಿಧಮನಿಗಳನ್ನು ಉಳಿಸಿಕೊಂಡೇ ಗ್ರಂಥಿಗಳನ್ನು ತೆಗೆಯುವ ಬಗೆಯನ್ನು ಪ್ರಕಟಿಸಿದ. ಸ್ತನದ ವಿಷಯದಲ್ಲಿ ಸಣ್ಣ ಆಪರೇಷನ್ ಸಾಕೆಂದು 1950ರ ದಶಕದಲ್ಲೇ ವಾದಿಸಿ ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದವನು ಕ್ರೈಲನ ಮಗ, ಕಿರಿಯ ಜಾರ್ಜ್ ಕ್ರೈಲ್.

ಚೆಂಡು, ದಾರ, ಬಾಟಲಿ

ಮನೆ ಆರೈಕೆಗೆ ಒಂದು ರೂಪ ಕೊಟ್ಟವರು ವೈದ್ಯರಲ್ಲ. 1952ರಲ್ಲಿ ನ್ಯೂಯಾರ್ಕಿನಲ್ಲಿ ಸ್ತನ ತೆಗೆಸಿಕೊಂಡ ಟೆರೀಸ್ ಲಾಸರ್, ಮನೆಗೆ ಹೋಗಿ ಏನು ಮಾಡಬೇಕೆಂದು ಹೇಳುವವರೇ ಇಲ್ಲದ್ದನ್ನು ಕಂಡು, ತಾನೇ ಇತರ ರೋಗಿಗಳ ಹಾಸಿಗೆಯ ಬಳಿ ಹೋಗತೊಡಗಿದಳು. ರೀಚ್ ಟು ರಿಕವರಿ ಎಂಬ ಅವಳ ಕಾರ್ಯಕ್ರಮದ ಚೀಲದಲ್ಲಿ ದಾರ ಕಟ್ಟಿದ ರಬ್ಬರ್ ಚೆಂಡು, ಬ್ರಾದೊಳಗೆ ಇಡಲು ತಾತ್ಕಾಲಿಕ ಮೆತ್ತೆ, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಏರಿಸುವಂಥ ವ್ಯಾಯಾಮಗಳ ಸೂಚನೆ ಇರುತ್ತಿದ್ದವು. ತಮ್ಮ ಅಪ್ಪಣೆಯಿಲ್ಲದೆ ರೋಗಿಗಳಿಗೆ ಸಲಹೆ ಕೊಡುವ ಈಕೆಯನ್ನು ಕಂಡರೆ ಹಲವು ಶಸ್ತ್ರವೈದ್ಯರಿಗೆ ಆಗುತ್ತಿರಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕಾರ್ಯಕ್ರಮವನ್ನು ತನ್ನದಾಗಿಸಿಕೊಂಡಿತು. ಗೋಡೆ ಹತ್ತುವ ವ್ಯಾಯಾಮ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಊತ ಇಳಿಸುವ ಮೃದು ಮರ್ದನ ವಿಧಾನ ಡೆನ್ಮಾರ್ಕಿನ ಎಮಿಲ್ ವಾಡರ್ ಮತ್ತು ಎಸ್ಟ್ರಿಡ್ ವಾಡರ್ ದಂಪತಿಯದು. 1930ರ ದಶಕದಲ್ಲಿ ಅವರು ಅದನ್ನು ಫ್ರಾನ್ಸಿನಲ್ಲಿ ರೂಪಿಸಿದಾಗ ವೈದ್ಯಲೋಕ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದೆ ಜರ್ಮನಿಯ ಮೈಕೆಲ್ ಫ್ಯೋಲ್ಡಿ ಅದಕ್ಕೆ ಪಟ್ಟಿ ಸುತ್ತುವುದು, ಚರ್ಮದ ಆರೈಕೆ, ವ್ಯಾಯಾಮಗಳನ್ನು ಸೇರಿಸಿ ಈಗಿನ ಚಿಕಿತ್ಸಾಕ್ರಮವನ್ನು ಕಟ್ಟಿದ.

ರೋಗಿಯನ್ನು ಬೇಗ ಮನೆಗೆ ಕಳಿಸಲು ಸಾಧ್ಯವಾಗಿಸಿದ್ದು ಒಂದು ಕೊಳವೆ. ಗ್ರಂಥಿಗಳನ್ನು ತೆಗೆದ ಪೊಳ್ಳಿನಲ್ಲಿ ರಸ ತುಂಬಿಕೊಳ್ಳುತ್ತದೆ. ಅದನ್ನು ಎಳೆದುಕೊಳ್ಳುವ ಮುಚ್ಚಿದ ನಿರ್ವಾತ ಬಾಟಲಿಗಳು 1950ರ ದಶಕದಲ್ಲಿ ಫ್ರಾನ್ಸಿನ ರೆಡಾನ್ ಹೆಸರಿನಲ್ಲೂ, ಕೈಬಾಂಬಿನಾಕಾರದ ರಬ್ಬರ್ ಬಲ್ಬು 1970ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಮತ್ತು ಪ್ರ್ಯಾಟ್ ಹೆಸರಿನಲ್ಲೂ ಬಳಕೆಗೆ ಬಂದವು. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದಾದ ಬಾಟಲಿ ಬಂದ ಮೇಲೆ ಅದನ್ನು ಖಾಲಿ ಮಾಡುವುದು, ಮಿಲಿಲೀಟರಿನಲ್ಲಿ ಅಳೆದು ಬರೆದಿಡುವುದು, ಕೆಂಪು ನೀರು ತಿಳಿಹಳದಿಗೆ ತಿರುಗಿತೇ ಎಂದು ನೋಡುವುದು ನರ್ಸಿನ ಕೈಯಿಂದ ಮಗಳ, ಗಂಡನ, ಸೊಸೆಯ ಕೈಗೆ ದಾಟಿತು. ದಿನದ ಅಳತೆ ಸುಮಾರು 30 ಮಿಲಿಲೀಟರಿಗಿಂತ ಕೆಳಗಿಳಿದರೆ ಕೊಳವೆ ತೆಗೆಯುವುದು ಹಲವು ಆಸ್ಪತ್ರೆಗಳ ರೂಢಿ. ತೆಗೆದ ಮೇಲೂ ನೀರು ತುಂಬಿ ಕಂಕುಳು ಉಬ್ಬಿದರೆ ಸೂಜಿಯಿಂದ ಎಳೆಯುತ್ತಾರೆ. ಎಡಗತ್ತಿನ ಆಪರೇಷನ್ ಆದವರ ಬಾಟಲಿಯಲ್ಲಿ ಊಟವಾದ ಮೇಲೆ ಹಾಲಿನಂಥ ರಸ ಕಂಡರೆ ಎದೆನಾಳಕ್ಕೆ ಪೆಟ್ಟಾಗಿರುವ ಸೂಚನೆ. ಅದು ಅಸೆಲ್ಲಿ ನಾಯಿಯಲ್ಲಿ ಕಂಡ ಅದೇ ರಸ. ಕೊಬ್ಬಿಲ್ಲದ ಊಟ ಅದರ ಮೊದಲ ಮದ್ದುಗಳಲ್ಲೊಂದು.

ಬೇಗ ಕಳಿಸುವುದು ರೋಗಿಯ ಹಿತಕ್ಕೋ ಆಸ್ಪತ್ರೆಯ ಉಳಿತಾಯಕ್ಕೋ ಎಂಬ ಜಗಳ 1990ರ ದಶಕದಲ್ಲಿ ತೀವ್ರವಾಯಿತು. ಅಮೆರಿಕದಲ್ಲಿ ವಿಮಾ ಕಂಪನಿಗಳು ಸ್ತನ ತೆಗೆದ ಕೆಲವೇ ಗಂಟೆಗಳಲ್ಲಿ ರೋಗಿಯನ್ನು ಮನೆಗಟ್ಟುತ್ತಿವೆ ಎಂಬ ಕೂಗೆದ್ದು, ಅಧ್ಯಕ್ಷ ಕ್ಲಿಂಟನ್ 1997ರ ತಮ್ಮ ವಾರ್ಷಿಕ ಭಾಷಣದಲ್ಲಿ 48 ಗಂಟೆಗಳ ಆಸ್ಪತ್ರೆವಾಸದ ಖಾತರಿಗೆ ಕಾನೂನು ಕೇಳಿದರು. ಇತ್ತ 1998ರಲ್ಲಿ ಪ್ರಕಟವಾದ, 100 ಹೆಂಗಸರ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಕೊಳವೆಯೊಂದಿಗೇ ಬೇಗ ಮನೆಗೆ ಹೋದವರಿಗೆ ಮೂರು ತಿಂಗಳ ಹೊತ್ತಿಗೆ ತೋಳು ಹೆಚ್ಚು ಆಡುತ್ತಿತ್ತು, ನೋವು ಕಡಿಮೆಯಿತ್ತು. ಎರಡೂ ನಿಜವಿರಬಹುದು. ಬ್ರಿಟನ್ನಿನಲ್ಲಿ ಮನೆಬಾಗಿಲಿಗೆ ಬರುವ ನರ್ಸಿನ ವ್ಯವಸ್ಥೆಯಿತ್ತು, ಅದಿಲ್ಲದೆಡೆ ಮನೆ ಬರೀ ಮನೆ.

ಕಡಿಮೆ ತೆಗೆಯುವ ಕಾಲ

ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಷರ್ 1971ರಲ್ಲಿ ಆರಂಭಿಸಿದ ಪ್ರಯೋಗ, ಕೈಗೆ ಸಿಗುವ ಗಂಟುಗಳಿಲ್ಲದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಕಂಕುಳನ್ನು ಮೊದಲೇ ಬಗೆದು ತೆಗೆದರೂ ಬಿಟ್ಟರೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. 25 ವರ್ಷಗಳ ಫಲಿತಾಂಶ 2002ರಲ್ಲಿ ಬಂತು. 1977ರಲ್ಲಿ ಪರಾಗ್ವೆಯ ರಾಮೊನ್ ಕಬಾನಾಸ್ ಶಿಶ್ನದ ಕ್ಯಾನ್ಸರಿನಲ್ಲಿ ಮೊದಲು ರಸ ತಲಪುವ ಕಾವಲುಗ್ರಂಥಿಯನ್ನು ಮಾತ್ರ ಪರೀಕ್ಷಿಸುವ ಯೋಚನೆ ಮುಂದಿಟ್ಟ. 1992ರಲ್ಲಿ ಡೊನಾಲ್ಡ್ ಮಾರ್ಟನ್ ನೀಲಿಬಣ್ಣ ಚುಚ್ಚಿ ಮೆಲನೋಮಾದಲ್ಲಿ, 1994ರಲ್ಲಿ ಅರ್ಮಾಂಡೊ ಜೂಲಿಯಾನೊ ಸ್ತನದಲ್ಲಿ ಅದನ್ನು ಸಾಧಿಸಿದರು. 2011ರಲ್ಲಿ ಜೂಲಿಯಾನೊ ತಂಡ ಇನ್ನೊಂದು ಹೆಜ್ಜೆಯಿಟ್ಟು, ಗಡ್ಡೆಯನ್ನಷ್ಟೇ ತೆಗೆಸಿ ವಿಕಿರಣ ಪಡೆಯುವವರಲ್ಲಿ ಒಂದೆರಡು ಕಾವಲುಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೂ ಉಳಿದವನ್ನು ಬಿಡಬಹುದೆಂದಿತು. ಮನೆಗೆ ಇದರಿಂದಾದ ಲಾಭವನ್ನು 2017ರ ಮೆಲನೋಮಾ ಪ್ರಯೋಗ ಅಂಕಿಯಲ್ಲಿ ಹೇಳುತ್ತದೆ: ಉಳಿದ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ 24.1% ಮಂದಿಗೆ ಊತ, ಕಾದು ನೋಡಿದವರಲ್ಲಿ 6.3%.

ನಿಷೇಧಗಳ ಪರೀಕ್ಷೆ

ಭಾರ ಎತ್ತಬೇಡ, ಆ ಕೈಗೆ ಸೂಜಿ ಚುಚ್ಚಿಸಬೇಡ, ಬಿಪಿ ನೋಡಿಸಬೇಡ, ವಿಮಾನ ಹತ್ತಿದರೆ ಪಟ್ಟಿ ಸುತ್ತಿಕೋ: ಇಂಥ ಆಜ್ಞೆಗಳು ತಲೆಮಾರುಗಳ ಕಾಲ ಜೀವನಪೂರ್ತಿ ಎಂಬ ಮುದ್ರೆಯೊಂದಿಗೆ ಮನೆ ಸೇರಿದವು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಝಿ ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ 24 ಹೆಂಗಸರನ್ನು ಡ್ರ್ಯಾಗನ್ ದೋಣಿಗೆ ಹತ್ತಿಸಿ ಹುಟ್ಟುಹಾಕಿಸಿದ. ಊತ ಬರುತ್ತದೆಂದು ಹೆದರಿಸಿದವರ ಮಾತು ಹುಸಿಯಾಯಿತು. 2009ರಲ್ಲಿ ಕ್ಯಾಥ್ರಿನ್ ಶ್ಮಿಟ್ಜ್ 141 ಮಂದಿ ಊತವಿರುವ ಹೆಂಗಸರ ಮೇಲೆ ನಡೆಸಿದ ಪ್ರಯೋಗದಲ್ಲಿ, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಎತ್ತಿದವರಿಗೆ ಊತ ಹೆಚ್ಚಲಿಲ್ಲ, ಉಲ್ಬಣಗೊಳ್ಳುವುದು ಕಡಿಮೆಯೇ ಆಯಿತು. 2016ರಲ್ಲಿ ಬಾಸ್ಟನ್ನಿನ ಸಂಶೋಧಕರು 632 ರೋಗಿಗಳ ತೋಳು ಅಳೆದು, ಬಿಪಿ ಪಟ್ಟಿಗಾಗಲಿ ಸೂಜಿಗಾಗಲಿ ವಿಮಾನಕ್ಕಾಗಲಿ ಊತದೊಡನೆ ನಂಟು ಕಾಣಲಿಲ್ಲವೆಂದರು. ನಂಟು ಕಂಡದ್ದು ಪೂರ್ಣ ಕಂಕುಳ ಛೇದನ, ವಿಕಿರಣ, ಹೆಚ್ಚಿದ ಮೈತೂಕ, ಚರ್ಮದ ಸೋಂಕುಗಳಿಗೆ. ಇನ್ನೊಂದು ಕೈ ಇರುವಾಗ ಸೂಜಿಗೆ ಅದನ್ನೇ ಕೊಡುವ ರೂಢಿಯೇನೂ ಹೋಗಿಲ್ಲ.

ಭಾರತ, ಕರ್ನಾಟಕ

ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದವು. ಕೋಲ್ಕತ್ತದ ಸುಬೋಧ್ ಮಿತ್ರ ಗರ್ಭಕಂಠದ ಕ್ಯಾನ್ಸರಿಗೆ ರೂಪಿಸಿದ, ಯೋನಿಮಾರ್ಗದ ಶಸ್ತ್ರಕ್ಕೆ ಗ್ರಂಥಿ ತೆಗೆಯುವುದನ್ನು ಜೋಡಿಸುವ ವಿಧಾನ ಅವರ ಹೆಸರಿನಲ್ಲೇ ಪ್ರಸಿದ್ಧ. ಹೊಗೆಸೊಪ್ಪು, ಗುಟ್ಕಾಗಳ ಈ ನಾಡಿನಲ್ಲಿ ಗ್ರಂಥಿ ಛೇದನವೆಂದರೆ ಅನೇಕ ಮನೆಗಳಿಗೆ ಕತ್ತಿನದು. ಸ್ತನದಲ್ಲಿ ಜಗತ್ತು ಕಡಿಮೆ ತೆಗೆಯುವತ್ತ ಸಾಗಿದಾಗ ಬಾಯಿಯಲ್ಲಿ ಉತ್ತರ ತಿರುವುಮುರುವಾಯಿತು. 2015ರಲ್ಲಿ ಟಾಟಾ ಆಸ್ಪತ್ರೆಯ ಅನಿಲ್ ಡಿಕ್ರೂಝ್ ತಂಡ 500 ರೋಗಿಗಳ ವಿಶ್ಲೇಷಣೆಯಿಂದ, ಕತ್ತಿನಲ್ಲಿ ಗಂಟು ಕಾಣದಿದ್ದರೂ ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕುಳಿದವರು 80%, ಕಂಡ ಮೇಲೆ ತೆಗೆದವರಲ್ಲಿ 67.5% ಎಂದು ತೋರಿಸಿತು. ಹೆಗಲಿನ ವ್ಯಾಯಾಮ ಕಲಿಯಬೇಕಾದವರ ಸಂಖ್ಯೆ ಇದರಿಂದ ಏರಿತೇ ಹೊರತು ಇಳಿಯಲಿಲ್ಲ.

ಕನ್ನಡ ಮನೆಗಳಲ್ಲಿ ಆಸ್ಪತ್ರೆಯ ಚೀಟಿಯ ಪಕ್ಕದಲ್ಲೇ ಇನ್ನೊಂದು ನಿಯಮಾವಳಿ ನಡೆಯುತ್ತದೆ. ಬದನೆಕಾಯಿ ನಂಜು, ಹಸಿಗಾಯಕ್ಕೆ ಆಗದು. ಗಾಯ ಒಣಗುವವರೆಗೆ ತಲೆಗೆ ನೀರು ಹಾಕಬಾರದು. ಕೈ ಬಾತರೆ ಬಿಸಿ ಶಾಖ ಕೊಟ್ಟು ಎಣ್ಣೆ ಹಾಕಿ ತಿಕ್ಕಬೇಕು. ಪಥ್ಯದಿಂದ ದೊಡ್ಡ ಕೇಡಿಲ್ಲ, ಊಟ ಸೊರಗದಿದ್ದರೆ ಸರಿ. ಶಾಖ ಮತ್ತು ಒರಟು ಮರ್ದನವನ್ನು ಮಾತ್ರ ಊತದ ಚಿಕಿತ್ಸಕರು ಬೇಡವೆನ್ನುತ್ತಾರೆ. ವಾಡರ್ ವಿಧಾನದ ಮರ್ದನ ಚರ್ಮವನ್ನಷ್ಟೇ ಹಗುರಾಗಿ ಸರಿಸುವಂಥದು. ಆ ಕೈಯ ಬಿಗಿಬಳೆ ಸಡಿಲಿಸುವುದು, ಈಳಿಗೆ ಮಣೆಯ ಮುಂದೆ ಎಚ್ಚರ ವಹಿಸುವುದು ಇಲ್ಲಿಯ ಸೂಚನೆಗಳು. ತೋಳಿನ ಒಳಬದಿಯ ಮರಗಟ್ಟುವಿಕೆಯನ್ನು ಲಕ್ವವೆಂದು ಹೆದರುವವರಿದ್ದಾರೆ. ಅದು ಕಂಕುಳಲ್ಲಿ ಹಾಯುವ ಸ್ಪರ್ಶನರಕ್ಕೆ ಬಿದ್ದ ಪೆಟ್ಟು.

ಕರಾವಳಿಯಲ್ಲಿ ಊದಿದ ಅಂಗದ ಮನೆ ಆರೈಕೆಯ ಅನುಭವ ಬಂದದ್ದು ಕ್ಯಾನ್ಸರಿನಿಂದಲ್ಲ, ಆನೆಕಾಲು ರೋಗದಿಂದ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್. ಆರ್. ನರಹರಿ, ಆಕ್ಸ್‌ಫರ್ಡಿನ ಟೆರೆನ್ಸ್ ರಯನ್ ಜೊತೆಗೂಡಿ, ತೊಳೆದು ಒರೆಸುವ ಚರ್ಮದ ಆರೈಕೆ, ಆಯುರ್ವೇದದ ಲೇಪ, ಯೋಗದ ಉಸಿರಾಟ ಮತ್ತು ಒತ್ತುಪಟ್ಟಿಗಳನ್ನು ಸೇರಿಸಿ ರೋಗಿಯೇ ಮನೆಯಲ್ಲಿ ಮುಂದುವರಿಸಬಹುದಾದ ಕ್ರಮವನ್ನು ಬೆಳೆಸಿದರು. ಕ್ಯಾನ್ಸರ್ ನಂತರದ ಊತಕ್ಕೂ ಒತ್ತುಪಟ್ಟಿ, ಒತ್ತುತೋಳುಗಳೇ ಆಧಾರ. ದಿನವೂ ತೊಡುವ ತೋಳಿನ ಬಿಗಿ ಸಡಿಲವಾಗುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ಡಿಸ್ಚಾರ್ಜ್ ನಂತರದ 15 ದಿನಗಳ ವೆಚ್ಚವನ್ನು ಒಳಗೊಳ್ಳುತ್ತದೆ. ಆದರೆ ಊತ ಹೆಚ್ಚಾಗಿ ತಲೆದೋರುವುದು ಆಪರೇಷನ್ನಿನ ನಂತರದ ಎರಡು ಮೂರು ವರ್ಷಗಳಲ್ಲಿ.