ನೆಲದ ಮೇಲೆ ಕೂತು ಹಾರಾಟದ ಪಾಠ

ಮೋಡದೊಳಗೆ ಹೊಕ್ಕ ವಿಮಾನ ಚಾಲಕನಿಗೆ ಅವನ ದೇಹವೇ ಶತ್ರು. ದಿಗಂತ ಮರೆಯಾದೊಡನೆ ಒಳಕಿವಿ ಅವನನ್ನು ದಾರಿ ತಪ್ಪಿಸುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದರೂ ನೆಟ್ಟಗೆ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. ಆಗ ಅವನು ನಂಬಬೇಕಾದದ್ದು ಎದುರಿಗಿರುವ ಉಪಕರಣಗಳನ್ನು ಮಾತ್ರ. ಈ ನಂಬಿಕೆಯನ್ನು ನೆಲದ ಮೇಲೆಯೇ ಕಲಿಸುವ ಯಂತ್ರವನ್ನು ಜಗತ್ತಿಗೆ ಕೊಟ್ಟವನು ಅಮೆರಿಕದ ಎಡ್ವಿನ್ ಲಿಂಕ್.

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಲಿಂಕ್‌ನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ನಮ್ಮ ಹಾರ್ಮೋನಿಯಂನಲ್ಲಿರುವಂತೆ ಆರ್ಗನ್‌ನಲ್ಲೂ ಗಾಳಿಯೂದುವ ತಿದಿ ಇರುತ್ತದೆ. ಅಂಥ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ಮೊಂಡು ರೆಕ್ಕೆಯ ಪುಟ್ಟ ವಿಮಾನವೊಂದನ್ನು ಕಟ್ಟಿದ. ಒಳಗೆ ಕೂತವನು ಹಿಡಿಕೋಲು ಆಡಿಸಿದಂತೆ ಅದು ವಾಲುತ್ತಿತ್ತು, ಮೂಗೆತ್ತುತ್ತಿತ್ತು. ಆದರೆ ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಪಾರ್ಕಿನವರು!

1934ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪೆನಿಗಳ ಗುತ್ತಿಗೆ ರದ್ದು ಮಾಡಿ, ವಿಮಾನ ಅಂಚೆಯ ಹೊಣೆಯನ್ನು ಸೇನೆಗೆ ವಹಿಸಿದರು. ಚಳಿಗಾಲದ ಮಂಜು, ಹಿಮಗಾಳಿಗಳಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸ ಸಾಲದ ತರುಣ ಚಾಲಕರು ಒಬ್ಬರ ಹಿಂದೊಬ್ಬರು ಪ್ರಾಣ ತೆತ್ತರು. ಅದೇ ವರ್ಷ ಸೇನೆ ಲಿಂಕ್‌ನಿಂದ 6 ಯಂತ್ರಗಳನ್ನು ಖರೀದಿಸಿತು. ಆ ವೇಳೆಗೆ ಅದಕ್ಕೆ ಉಪಕರಣಗಳೂ ತಲೆಯ ಮೇಲೊಂದು ಮುಚ್ಚಳವೂ ಬಂದಿದ್ದವು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಚಾಲಕರು ಈ ಮುಚ್ಚಳದ ಕತ್ತಲಲ್ಲಿ ತರಬೇತಿ ಪಡೆದರು.

ಮುಂದೆ ಈ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿಗೂ ಬಂತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ರೂಪಿಸಿದ ಹಾರಾಟದ ಆಟವನ್ನು 1982ರಲ್ಲಿ ಮೈಕ್ರೋಸಾಫ್ಟ್ ಮಾರುಕಟ್ಟೆಗೆ ತಂದಿತು. 1997ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು, ಮಾನ್ಯತೆ ಪಡೆದ ಕಂಪ್ಯೂಟರ್ ಸಾಧನಗಳಲ್ಲಿ ಶಿಕ್ಷಕರ ಸಮ್ಮುಖದಲ್ಲಿ ಮಾಡಿದ 10 ಗಂಟೆಗಳವರೆಗಿನ ಅಭ್ಯಾಸವನ್ನು ಉಪಕರಣ ಹಾರಾಟದ ತರಬೇತಿಯ ಲೆಕ್ಕಕ್ಕೆ ಸೇರಿಸಲು ಒಪ್ಪಿತು.

ಹಾಗಾದರೆ ಮನೆಯ ಕಂಪ್ಯೂಟರ್ ಮುಂದೆ ಕೂತು ಪೈಲಟ್ ಆಗಬಹುದೇ? ಸಾಧ್ಯವಿಲ್ಲ. ಗಾಳಿಯ ಹೊಡೆತಕ್ಕೆ ಕುರ್ಚಿ ಕುಲುಕುವುದಿಲ್ಲ, ಹಿಡಿಕೋಲು ಕೈಗೆ ಭಾರವಾಗುವುದಿಲ್ಲ. ನೆಲ ಮುಟ್ಟುವ ಕೊನೆಯ ಕ್ಷಣದ ಅಂದಾಜು ಸಣ್ಣ ಪರದೆಯಲ್ಲಿ ಸಿಗದು. ಒಬ್ಬನೇ ಕಲಿತವನು ಆಕಾಶ ತಿಳಿಯಾಗಿದ್ದಾಗಲೂ ಹೊರಗೆ ನೋಡದೆ ಮುಳ್ಳುಗಳನ್ನೇ ದಿಟ್ಟಿಸುವ ಚಾಳಿ ಬೆಳೆಸಿಕೊಳ್ಳುವುದುಂಟು. ಆದರೆ ಯಾವ ಉಪಕರಣವನ್ನು ಯಾವಾಗ ನೋಡಬೇಕು, ಮುಂದಿನ ಹೆಜ್ಜೆ ಯಾವುದು ಎಂಬ ಕ್ರಮ ಅಲ್ಲಿ ಚೆನ್ನಾಗಿ ರೂಢಿಯಾಗುತ್ತದೆ.

ಇಂದಿನ ಪರದೆಗಳಲ್ಲಿ ಬೆಟ್ಟ, ನದಿ, ನಗರಗಳೆಲ್ಲ ನಿಜವೆಂಬಂತೆ ಕಾಣುತ್ತವೆ. ಲಿಂಕ್‌ನ ಯಂತ್ರದಲ್ಲಿ ಕೂತವನಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ಆದರೂ ಮೋಡದೊಳಗೆ ಜೀವ ಉಳಿಸುವ ವಿದ್ಯೆಯನ್ನು ಅವನು ಕಲಿತದ್ದು ಅಲ್ಲಿಯೇ.