ಒಂದು ನಯಾಪೈಸೆಯ ವ್ಯಾಜ್ಯ

ನಾಡಿನಲ್ಲಿ ಹಲವು ವೃತ್ತಪತ್ರಿಕೆಗಳು ಬಾಳಬೇಕು, ನಾಲ್ಕಾರು ಧನಿಕರ ಕೈಯಲ್ಲಿ ಜನಾಭಿಪ್ರಾಯವು ಸಿಲುಕಬಾರದು ಎಂಬುದನ್ನು ಅಲ್ಲಗಳೆಯುವವರು ವಿರಳ. ಆದರೆ ಅದನ್ನು ಕಾಯಿದೆಯಿಂದ ಸಾಧಿಸಹೊರಟಾಗ ಏನಾಯಿತೆಂಬುದಕ್ಕೆ ನಾವು ನೆಲೆಸಿರುವ ಈ ಪುಣೆಯಲ್ಲಿಯೇ ಒಂದು ನಿದರ್ಶನವುಂಟು.

ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದಲ್ಲಿ 1952ರಲ್ಲಿ ನೇಮಕವಾದ ವೃತ್ತಪತ್ರಿಕಾ ಆಯೋಗವು 1954ರಲ್ಲಿ ವರದಿಯನ್ನೊಪ್ಪಿಸಿತು. ಜಾಹೀರಾತಿನ ಆದಾಯವುಳ್ಳ ದೊಡ್ಡ ಪತ್ರಿಕೆಯು ತಗಲುವ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಹೆಚ್ಚು ಪುಟಗಳನ್ನು ಕೊಡಬಲ್ಲದು. ಸಣ್ಣದಕ್ಕೆ ಅದು ಸಾಧ್ಯವಿಲ್ಲ. ಬ್ಯಾಂಕಿನ ಖಾತೆಪುಸ್ತಕಗಳೊಡನೆ ದಿನ ಕಳೆಯುವ ನಮ್ಮಂಥವರಿಗೆ ಈ ಲೆಕ್ಕವು ಬೇಗ ಮನವರಿಕೆಯಾಗುತ್ತದೆ. ಇಷ್ಟು ಬೆಲೆಗೆ ಇಷ್ಟೇ ಪುಟಗಳೆಂದು ಗೊತ್ತುಪಡಿಸಬೇಕೆಂದು ಆಯೋಗವು ಸೂಚಿಸಿತು. 1956ರಲ್ಲಿ ಕಾಯಿದೆಯೂ 1960ರಲ್ಲಿ ಅದರ ಮೇರೆಗೆ ಸರ್ಕಾರದ ಆಜ್ಞೆಯೂ ಹೊರಟವು.

ಡಾ. ಪರುಳೇಕರರು 1932ರಲ್ಲಿ ಇಲ್ಲಿ ಸ್ಥಾಪಿಸಿದ ಮರಾಠಿ ದಿನಪತ್ರಿಕೆ 'ಸಕಾಳ್' ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. ಮಹಾರಾಷ್ಟ್ರದಲ್ಲಿಯೂ ಕನ್ನಡ ನಾಡಿನಲ್ಲಿಯೂ ತನ್ನ 52,000 ಪ್ರತಿಗಳು ದಿನವಹಿ ಖರ್ಚಾಗುತ್ತವೆಂದು ಅದು ಹೇಳಿಕೊಂಡಿತ್ತು. ಭಾನುವಾರವನ್ನು ಬಿಟ್ಟು ವಾರಕ್ಕೆ 34 ಪುಟಗಳು. ಪ್ರತಿಯ ಬೆಲೆ 7 ನಯಾಪೈಸೆ. ಆಜ್ಞೆಯಂತೆ ಪುಟಗಳನ್ನು ಇಳಿಸಬೇಕು, ಇಲ್ಲವೆ ಬೆಲೆಯನ್ನು 8 ನಯಾಪೈಸೆಗೆ ಏರಿಸಬೇಕು. ಒಂದೇ ನಯಾಪೈಸೆಯಲ್ಲವೆ ಎಂದು ವಾಚಕರು ನಗಬಾರದು. ತಿಂಗಳ ಸಂಬಳವನ್ನು ಅಳೆದು ಸುರಿಯುವ ಸಂಸಾರದಲ್ಲಿ ಮೊದಲು ನಿಲ್ಲುವುದು ಪತ್ರಿಕೆಯೇ.

ಐವರ ಪೀಠವು 1961ರ ಸೆಪ್ಟೆಂಬರ್ 25ರಂದು ಕೊಟ್ಟ ತೀರ್ಪನ್ನು ನ್ಯಾಯಮೂರ್ತಿ ಮುಧೋಳಕರರು ಬರೆದರು. ಬೆಲೆ ಏರಿದರೆ ಓದುಗರು ಕಡಿಮೆಯಾಗುವರು, ಪುಟ ಇಳಿದರೆ ವಿಷಯವು ಕಡಿಮೆಯಾಗುವುದು. ಎರಡೂ ವಾಕ್‌ಸ್ವಾತಂತ್ರ್ಯಕ್ಕೆ ನೇರವಾದ ಪೆಟ್ಟು. ಸಾರ್ವಜನಿಕ ಹಿತಕ್ಕಾಗಿ ವ್ಯಾಪಾರವನ್ನು ನಿರ್ಬಂಧಿಸಬಹುದು. ಅದೇ ಕಾರಣವನ್ನೊಡ್ಡಿ ಮಾತನ್ನು ನಿರ್ಬಂಧಿಸಲು ಸಂವಿಧಾನದಲ್ಲಿ ಎಡೆಯಿಲ್ಲ. ಹೀಗಾಗಿ ಆಜ್ಞೆಯು ಬಿದ್ದುಹೋಯಿತು.

ತೀರ್ಪು ನ್ಯಾಯವಾದುದೆಂದೇ ನಮ್ಮ ಭಾವನೆ. ಪುರವಣಿ ಹೊರಡಿಸುವುದಕ್ಕೂ ಸರ್ಕಾರದ ಅಪ್ಪಣೆ ಬೇಕೆಂದಿದ್ದ ಆಜ್ಞೆಯದು! ಆದರೂ ಸಣ್ಣ ಪತ್ರಿಕೆಗಳ ಅಳಲಿಗೆ ಅದರಿಂದ ಪರಿಹಾರ ದೊರೆಯಲಿಲ್ಲ. ಕಾಗದದ ಅಭಾವದ ನೆಪದಲ್ಲಿ ಸರ್ಕಾರವು ಮುಂದೆ 10 ಪುಟಗಳ ಮಿತಿಯನ್ನು ಹೇರಿತು; 1972ರಲ್ಲಿ ಅದೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆ ಬಾರಿ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರೊಬ್ಬರು ಮಾತ್ರ ಭಿನ್ನಮತದ ತೀರ್ಪನ್ನು ಬರೆದರು. ನಮ್ಮ ಸಂಘದಲ್ಲಿರುವ ವಕೀಲ ಮಿತ್ರರು ಅದನ್ನೊಮ್ಮೆ ಓದಿ ನಮಗೂ ತಿಳಿಯಹೇಳಬೇಕೆಂದು ಕೋರುತ್ತೇವೆ.